40 ಸಾವಿರದೊಳಗೆ ಕಾರಿನ ಫೋಟೋಗೆ ಯಾವ ಕ್ಯಾಮೆರಾ ತಗೋಬೇಕು?

ಹುಬ್ಬಳ್ಳಿ_ಗೇರ್‌ಬಾಕ್ಸ್

ನಮಸ್ಕಾರ್ರಿ ಎಲ್ಲಾರಿಗೂ. ಕಾರಿನ ಫೋಟೋ ತೆಗೆಯಾಕ ಒಂದು ಕ್ಯಾಮೆರಾ ಬೇಕಾಗೇತಿ. ಲೆನ್ಸ್, ಟ್ರೈಪಾಡ್, ಕಾರ್ಡ್ ಎಲ್ಲಾ ಸೇರಿ ಬಜೆಟ್ 40 ಸಾವಿರ. ಅದರ ಮ್ಯಾಲೆ ಆಗಂಗಿಲ್ಲ. ಕೆಲಸ ಎರಡು ನಮೂನಿ ಅದಾವು.

ಒಂದು, ಸೆಕೆಂಡ್ ಹ್ಯಾಂಡ್ ಕಾರ್ ಮಾರೋ ಯಾರ್ಡಿನ ಫೋಟೋ. ಒಂದೊಂದು ಕಾರಿಗೆ ಹೊರಗಿಂದ ಎಂಟ್ಹತ್ತು, ಒಳಗಿಂದ ನಾಕೈದು. ಈಗ ಮೊಬೈಲ್‌ನ್ಯಾಗ ತೆಗೆದ್ರ ಮುಂದಿನ ಬಂಪರ್ ಉಬ್ಬಿದಂಗ ಕಾಣ್ತೇತಿ. ಬಾನೆಟ್ ಮ್ಯಾಲೆ ಬರೇ ಆಕಾಶದ ಬೆಳ್ಳಗಿನ ಹೊಳಪು, ಖರೇ ಬಣ್ಣಾನ ಬರಂಗಿಲ್ಲ.

ಎರಡು, ರ್‍ಯಾಲಿ, ಆಟೋಕ್ರಾಸ್ ಇದ್ದಾಗ ಓಡೋ ಕಾರು.

ಅಂಗಡ್ಯಾಗ ಕ್ಯಾನನ್ 1500ಡಿ ಎರಡು ಲೆನ್ಸಿನ ಕಿಟ್ ತಗೋರಿ ಅಂತಾರ. ಹುಡುಕಿದ್ರ ಹಳೇ 200ಡಿ, ನಿಕಾನ್ ಡಿ5600, ಡಿ7200, ಸೋನಿ ಎ6000 ಅಂತೆಲ್ಲಾ ಹೆಸರು ಬರ್ತಾವು. 50 ಎಂಎಂ ಎಫ್/1.8 ಲೆನ್ಸ್ ಬೇಕೇ ಬೇಕು ಅಂತಾನೂ ಹೇಳ್ತಾರ. ಯಾವುದು ತಗೊಳ್ಳಿ, ಯಾಕ ಅನ್ನೂದನ್ನ ಬಿಡಿಸಿ ಹೇಳ್ರಿ.

ಮೂರನೇ_ಸ್ಟಾಪ್

ನೀವು ಹೇಳಿದ ಎರಡು ತೊಂದರೆಗೂ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಾಯಿಸುವುದು ಮದ್ದಲ್ಲ. ಬಂಪರ್ ಉಬ್ಬುವುದು ನೀವು ತೀರಾ ಹತ್ತಿರ ನಿಲ್ಲುವುದರಿಂದ. ಬಾನೆಟ್ ಬೆಳ್ಳಗಾಗುವುದು ಪೋಲರೈಸರ್ ಫಿಲ್ಟರ್ (ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಹೊಳಪು ತಡೆಯುವ ಗಾಜು; ಈಗ ಸಿಗುವುದು ಸಿಪಿಎಲ್ ಅನ್ನುವ ಹೆಸರಿನಲ್ಲಿ) ಇಲ್ಲದ್ದರಿಂದ. ಆದ್ದರಿಂದ ದುಡ್ಡನ್ನು ಅಂಗಡಿಯವರು ಹಂಚುವ ಕ್ರಮದಲ್ಲಿ ಹಂಚಬೇಡಿ. ಮೊದಲು ಫಿಲ್ಟರ್ ಮತ್ತು ಟ್ರೈಪಾಡ್‌ಗೆ ತೆಗೆದಿಡಿ, ಆಮೇಲೆ ಲೆನ್ಸ್, ಉಳಿದದ್ದಕ್ಕೆ ಬಾಡಿ.

ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ ಫುಲ್ ಫ್ರೇಮ್ (ಹಳೆಯ ಫಿಲ್ಮಿನ ಅಳತೆಯ ಸೆನ್ಸರ್) ಲೆಕ್ಕದಲ್ಲಿ 24ರಿಂದ 26 ಎಂಎಂ. ಈ ಅಂಕಿ ಕಡಿಮೆಯಾದಷ್ಟೂ ನೋಟ ಅಗಲ. ಅಷ್ಟು ಅಗಲದ ಲೆನ್ಸಿನಲ್ಲಿ ಕಾರು ಫ್ರೇಮ್ ತುಂಬಬೇಕೆಂದರೆ ನೀವು ಮೂರು ಮೀಟರಿಗೆ ಹೋಗಲೇಬೇಕು. ಅಲ್ಲಿಂದ ಹತ್ತಿರದ ಹೆಡ್‌ಲೈಟ್ ಎರಡು ಮೀಟರ್ ದೂರ, ಹಿಂದಿನ ಚಕ್ರ ಐದು ಮೀಟರ್. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಬೀಳುತ್ತದೆ. ಅದೇ ಕಾರನ್ನು ಎಂಟು ಹತ್ತು ಮೀಟರ್ ಹಿಂದೆ ಸರಿದು ಜೂಮ್ ಮಾಡಿ ತೆಗೆದರೆ ಆ ವ್ಯತ್ಯಾಸ ಕರಗಿಹೋಗುತ್ತದೆ.

ಜಾಗ ಎಷ್ಟು ಬೇಕು ಅನ್ನುವುದನ್ನು ಲೆಕ್ಕ ಹಾಕಿಯೇ ಲೆನ್ಸ್ ಆರಿಸಿ. ನಾಲ್ಕು ಮೀಟರ್ ಉದ್ದದ ಕಾರಿನ ಪೂರ್ತಿ ಪಕ್ಕದ ನೋಟ ಫ್ರೇಮಿನ ಶೇ. 80ರಷ್ಟು ಅಗಲ ತುಂಬಬೇಕು ಅಂದುಕೊಳ್ಳಿ. ಕ್ಯಾನನ್ನಿನ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರ್ 22.3 ಮಿ.ಮೀ. ಅಗಲ. 18 ಎಂಎಂನಲ್ಲಿ 4 ಮೀಟರ್, 24ರಲ್ಲಿ 5.4 ಮೀಟರ್, 35ರಲ್ಲಿ ಸುಮಾರು 8 ಮೀಟರ್, 50ರಲ್ಲಿ 11 ಮೀಟರ್ ದೂರ ಬೇಕಾಗುತ್ತದೆ. ನಮ್ಮ ಬಡಾವಣೆಗಳ ಮೂವತ್ತು ಅಡಿ ರಸ್ತೆ ಅಂದರೆ 9.1 ಮೀಟರ್. ಅದರಲ್ಲಿ ಕಾರೇ 1.7 ಮೀಟರ್ ತಿನ್ನುತ್ತದೆ. ಉಳಿದ ಜಾಗದಲ್ಲಿ 50 ಎಂಎಂ ಹಾಕಿಕೊಂಡು ಕಾಂಪೌಂಡ್ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಪೂರ್ತಿ ಕಾರು ಹಿಡಿಯುವುದಿಲ್ಲ. ಯಾರ್ಡಿನಲ್ಲಿ ಎಷ್ಟು ಜಾಗ ಸಿಗುತ್ತದೆ ಎಂದು ಟೇಪ್ ಹಿಡಿದು ಅಳೆಯಿರಿ. ಆರೇಳು ಮೀಟರ್ ಮಾತ್ರ ಇದ್ದರೆ ಕ್ಯಾಮೆರಾ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸೇ ನಿಮ್ಮ ಮುಖ್ಯ ಲೆನ್ಸ್.

50 ಎಂಎಂ ಎಫ್/1.8 ಮನುಷ್ಯರ ಮುಖಕ್ಕೆ ಚಂದ. ಎಫ್ ಅಂಕಿ ಅಂದರೆ ಅಪರ್ಚರ್, ಲೆನ್ಸಿನೊಳಗಿನ ಬೆಳಕಿನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಾರಿಗೆ ಆ 1.8 ಉಪಯೋಗಕ್ಕೆ ಬರುವುದು ಲೋಗೋ, ಸ್ಟಿಚಿಂಗ್, ಗೇರ್ ನಾಬ್ ತರಹದ ಸಣ್ಣ ವಿವರಗಳಿಗೆ ಅಷ್ಟೇ. ಎಂಟು ಮೀಟರ್ ದೂರದಲ್ಲಿರುವ ಹೆಡ್‌ಲೈಟಿಗೆ ಫೋಕಸ್ ಮಾಡಿ ಎಫ್/1.8ರಲ್ಲಿ ತೆಗೆದರೆ 7.2ರಿಂದ 9 ಮೀಟರಿನವರೆಗೆ ಮಾತ್ರ ಸ್ಪಷ್ಟ. ಮುಕ್ಕಾಲು ಕೋನದಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಚಕ್ರ ಅದರಾಚೆ ಹೋಗಿರುತ್ತದೆ. ಎಫ್/5.6ಕ್ಕೆ ಇಳಿಸಿದರೆ 6ರಿಂದ 12 ಮೀಟರ್ ತನಕ ಸ್ಪಷ್ಟತೆ ಸಿಗುತ್ತದೆ, ಇಡೀ ಕಾರು ಅದರೊಳಗೆ ಬಂತು. ಹೇಗಿದ್ದರೂ ಎಫ್/5.6ರಿಂದ 8ರ ನಡುವೆ ಕೆಲಸ ಮಾಡುವವರು 1.8ಕ್ಕೆ ಈಗಲೇ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಬಾಡಿಯಲ್ಲಿ ಮೊದಲು ನೋಡಬೇಕಾದದ್ದು ಮೆಗಾಪಿಕ್ಸೆಲ್ ಅಲ್ಲ, ತಿರುಗುವ ಸ್ಕ್ರೀನ್. ಕಾರು ಗಂಭೀರವಾಗಿ ಕಾಣುವುದು ಹೆಡ್‌ಲೈಟ್ ಎತ್ತರದಿಂದ, ಅಂದರೆ ನೆಲದಿಂದ ಸುಮಾರು 70 ಸೆಂ.ಮೀ. ಮೇಲಿಂದ. ಸ್ಕ್ರೀನ್ ತಿರುಗದಿದ್ದರೆ ದಿನಕ್ಕೆ ಹತ್ತು ಕಾರಿಗೆ ಮಂಡಿಯೂರಿ ಕೂರಬೇಕು. ಎರಡನೇ ಕಾರಿಗೇ ಬೇಜಾರಾಗಿ ನಿಂತೇ ತೆಗೆಯಲು ಶುರು ಮಾಡುತ್ತೀರಿ. 200ಡಿ, ಕ್ಯಾನನ್ನಿನದೇ ಇನ್ನೊಂದು ಮಾಡೆಲ್ 80ಡಿ, ಡಿ5600 ಮೂರರಲ್ಲೂ ಸ್ಕ್ರೀನ್ ಹೊರಗೆ ತೆರೆದು ತಿರುಗುತ್ತದೆ. 1500ಡಿ ಮತ್ತು ಡಿ7200ರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸ್ಕ್ರೀನ್ ನೋಡಿಕೊಂಡು ತೆಗೆಯುವಾಗ ಕ್ಯಾನನ್ 200ಡಿ, 80ಡಿಗಳ ಡ್ಯುಯಲ್ ಪಿಕ್ಸೆಲ್ ಫೋಕಸ್ ತಕ್ಷಣ ಹಿಡಿಯುತ್ತದೆ. ಡಿ5600 ಆ ಸ್ಥಿತಿಯಲ್ಲಿ ಹಿಂದೆ ಮುಂದೆ ಹುಡುಕಾಡುತ್ತದೆ. ನಿಂತ ಕಾರಿಗೆ ಅದು ನಡೆಯುತ್ತದೆ, ಆದರೆ ನಿಧಾನ.

1500ಡಿ ಕಿಟ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅದರ ಜೊತೆ ಬರುವ 18-55 ಐಎಸ್ II ಮತ್ತು 55-250 ಐಎಸ್ II ಲೆನ್ಸುಗಳು ಫೋಕಸ್ ಮಾಡುವಾಗ ಮುಂದಿನ ಭಾಗವೇ ತಿರುಗುತ್ತದೆ. ಪೋಲರೈಸರ್ ಅನ್ನು ಸರಿಯಾಗಿ ತಿರುಗಿಸಿ ಇಟ್ಟಿರುತ್ತೀರಿ, ಫೋಕಸ್ ಮಾಡಿದ ಕೂಡಲೇ ಅದೂ ತಿರುಗಿ ಕೆಲಸ ಕೆಡುತ್ತದೆ. ಎಸ್‌ಟಿಎಂ ಎಂದು ಬರೆದಿರುವ 18-55 ಮತ್ತು 55-250ರಲ್ಲಿ ಮುಂದಿನ ಭಾಗ ತಿರುಗುವುದಿಲ್ಲ. ನಿಕಾನ್‌ನಲ್ಲೂ ಹಾಗೆಯೇ, ಎಎಫ್-ಪಿ 18-55 ತಗೊಳ್ಳಿ, ಹಳೆಯ ಎಎಫ್-ಎಸ್ 18-55 ಬಿಡಿ.

ನನ್ನ ಆಯ್ಕೆ: ಸೆಕೆಂಡ್ ಹ್ಯಾಂಡ್ 200ಡಿ, 18-55 ಎಸ್‌ಟಿಎಂ, 55-250 ಎಸ್‌ಟಿಎಂ. ಈ ಎರಡೂ ಲೆನ್ಸಿಗೆ 58 ಎಂಎಂ ಫಿಲ್ಟರ್ ಕೂರುತ್ತದೆ, ಒಂದೇ ಸಿಪಿಎಲ್ ಸಾಕು. ಬಾಡಿ ಮತ್ತು 18-55ಕ್ಕೆ 25 ಸಾವಿರ, 55-250ಕ್ಕೆ 8 ಸಾವಿರ, ಸಿಪಿಎಲ್‌ಗೆ 2 ಸಾವಿರ, ಟ್ರೈಪಾಡ್‌ಗೆ 3 ಸಾವಿರ, ಉಳಿದದ್ದು ಕಾರ್ಡಿಗೆ ಮತ್ತು ಇನ್ನೊಂದು ಬ್ಯಾಟರಿಗೆ. ಬಾಡಿಗೆ ಇದಕ್ಕಿಂತ ಹೆಚ್ಚು ಕೇಳಿದರೆ ಬೇರೆ ಕಡೆ ನೋಡಿ. ಫಿಲ್ಟರ್, ಟ್ರೈಪಾಡ್ ದುಡ್ಡಿಗೆ ಮಾತ್ರ ಕೈ ಹಾಕಬೇಡಿ.

ಹೆಸರು ನೋಡಿ ಮೋಸ ಹೋಗಬೇಡಿ: 200ಡಿ II ಬೇರೆ ಮಾಡೆಲ್. ಅದರ ಫ್ಲ್ಯಾಷ್ ಕೂರಿಸುವ ಹಾಟ್ ಶೂನಲ್ಲಿ ಮಧ್ಯದ ಪಿನ್ ಇಲ್ಲ. ಮುಂದೆ ಕಾರಿನ ಪಕ್ಕದಲ್ಲಿ ಫ್ಲ್ಯಾಷ್ ಇಟ್ಟು ತೆಗೆಯಬೇಕೆಂದರೆ ಫ್ಲ್ಯಾಷನ್ನು ದೂರದಿಂದ ಹೊಡೆಸುವ ಅಗ್ಗದ ಸಾದಾ ಟ್ರಿಗರ್‌ಗಳು ಅದರಲ್ಲಿ ಕೆಲಸ ಮಾಡುವುದಿಲ್ಲ.

ಪ್ಯಾನಿಂಗ್_ಮೈಸೂರು

ನಿಂತ ಕಾರಿನ ವಿಷಯದಲ್ಲಿ ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಓಡುವ ಕಾರಿಗೆ 200ಡಿ ಅಷ್ಟಕ್ಕಷ್ಟೇ. ವ್ಯೂಫೈಂಡರಿನಲ್ಲಿ ಒಂಬತ್ತೇ ಫೋಕಸ್ ಪಾಯಿಂಟ್, ಅದರಲ್ಲಿ ನಂಬಬಹುದಾದದ್ದು ಮಧ್ಯದ್ದು ಒಂದೇ. ಕಾರನ್ನು ಫ್ರೇಮಿನ ಒಂದು ಬದಿಗೆ ಇಟ್ಟು ಮುಂದೆ ಜಾಗ ಬಿಡಬೇಕೆಂದರೆ ಕಷ್ಟ. 80ಡಿಯಲ್ಲಿ 45 ಪಾಯಿಂಟ್, ಎಲ್ಲವೂ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವಂಥವು), ಸೆಕೆಂಡಿಗೆ 7 ಫ್ರೇಮ್, ಸ್ಕ್ರೀನ್ ಕೂಡ ತಿರುಗುತ್ತದೆ. ಸ್ವಲ್ಪ ಭಾರ, ಸ್ವಲ್ಪ ದುಬಾರಿ. ಒಳ್ಳೆಯ ಸ್ಥಿತಿಯ 80ಡಿ ನಿಮ್ಮ ಲೆಕ್ಕದೊಳಗೆ ಸಿಕ್ಕರೆ ಅದನ್ನೇ ಹಿಡಿಯಿರಿ, 55-250 ಲೆನ್ಸನ್ನು ಮೂರು ತಿಂಗಳು ಬಿಟ್ಟು ತಗೊಂಡರೂ ಆಯಿತು. ನಿಮ್ಮ ಕೆಲಸದಲ್ಲಿ ರ್‍ಯಾಲಿಯೇ ಹೆಚ್ಚಾದರೆ ಡಿ7200: 51 ಪಾಯಿಂಟ್, ಸೆಕೆಂಡಿಗೆ 6 ಫ್ರೇಮ್, ಎರಡು ಕಾರ್ಡ್ ಸ್ಲಾಟ್. ಬಾಡಿಯೊಳಗೇ ಫೋಕಸ್ ಮೋಟಾರ್ ಇರುವುದರಿಂದ ಹಳೆಯ ಅಗ್ಗದ ಎಎಫ್-ಡಿ ಲೆನ್ಸುಗಳೂ ಅದರಲ್ಲಿ ಆಟೋಫೋಕಸ್ ಆಗುತ್ತವೆ. ಡಿ5600ರಲ್ಲಿ ಆ ಮೋಟಾರ್ ಇಲ್ಲ. ಅದಕ್ಕೆ 50 ಎಂಎಂ 1.8ಡಿ ತಗೊಂಡುಬಿಟ್ಟರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಆದರೆ ಓಡುವ ಕಾರಿನ ಫೋಟೋ ಕೆಡುವುದು ಕ್ಯಾಮೆರಾದಿಂದ ಕಡಿಮೆ, ಶಟರ್ ಸ್ಪೀಡ್ ತಪ್ಪುವುದರಿಂದ ಹೆಚ್ಚು. ಹೊಸಬರು 1/1000 ಸೆಕೆಂಡಿನಲ್ಲಿ ತೆಗೆಯುತ್ತಾರೆ, ಕಾರು ರಸ್ತೆ ಮೇಲೆ ಪಾರ್ಕ್ ಮಾಡಿದ ಹಾಗೆ ಬರುತ್ತದೆ. ಲೆಕ್ಕ ಹೀಗಿದೆ. 205/55 ಆರ್16 ಟಯರಿನ ಸುತ್ತಳತೆ ಸುಮಾರು 2 ಮೀಟರ್. 60 ಕಿ.ಮೀ. ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಎಂಟೂಕಾಲು ಸುತ್ತು ಚಿಲ್ಲರೆ ತಿರುಗುತ್ತದೆ. 1/1000ದಲ್ಲಿ ಅದು ತಿರುಗುವುದು 3 ಡಿಗ್ರಿ ಮಾತ್ರ, ಅಲಾಯ್ ಕಡ್ಡಿಗಳು ನಿಂತಂತೆ ಕಾಣುತ್ತವೆ. 1/125ರಲ್ಲಿ 24 ಡಿಗ್ರಿ, 1/60ರಲ್ಲಿ 50 ಡಿಗ್ರಿ. ಐದು ಕಡ್ಡಿಯ ಅಲಾಯ್‌ನಲ್ಲಿ ಕಡ್ಡಿಯಿಂದ ಕಡ್ಡಿಗೆ 72 ಡಿಗ್ರಿ ಅಂತರ. ಅಂದಮೇಲೆ 1/60ರಲ್ಲಿ ಚಕ್ರ ಚೆನ್ನಾಗಿ ಕರಗಿ ಓಟ ಕಾಣುತ್ತದೆ.

ಶುರು ಮಾಡುವ ಕ್ರಮ: ಶಟರ್ ಪ್ರಯಾರಿಟಿ (ಶಟರ್ ಸ್ಪೀಡ್ ನೀವು ಇಟ್ಟರೆ ಅಪರ್ಚರ್ ಕ್ಯಾಮೆರಾ ನೋಡಿಕೊಳ್ಳುವ ಮೋಡ್), ಕ್ಯಾನನ್‌ನಲ್ಲಿ ಎಐ ಸರ್ವೋ, ನಿಕಾನ್‌ನಲ್ಲಿ ಎಎಫ್-ಸಿ (ಎರಡೂ ಓಡುವ ವಸ್ತುವನ್ನು ಬಿಡದೆ ಹಿಂಬಾಲಿಸುವ ಫೋಕಸ್), ಕಂಟಿನ್ಯುಯಸ್ ಡ್ರೈವ್ (ಒತ್ತಿ ಹಿಡಿದಷ್ಟೂ ಫೋಟೋ), ಐಎಸ್‌ಒ 100. ಮೊದಲು 1/200, ಕೈ ಹದಕ್ಕೆ ಬಂದಮೇಲೆ 1/125, ಆಮೇಲೆ 1/60. ಕಾರಿಗೂ ನಿಮಗೂ 12-15 ಮೀಟರ್ ಅಂತರ ಇಟ್ಟುಕೊಂಡು 70ರಿಂದ 135 ಎಂಎಂ ನಡುವೆ ಜೂಮ್ ಮಾಡಿ. ಪಾದಗಳು ಶಟರ್ ಒತ್ತುವ ಜಾಗದ ಕಡೆ ಮುಖ ಮಾಡಿರಲಿ. ಕಾರು ಬರುವ ಕಡೆಗೆ ಸೊಂಟ ತಿರುಗಿಸಿ ಕಾಯಿರಿ, ಅದರ ಜೊತೆಗೇ ತಿರುಗುತ್ತಾ ಬನ್ನಿ. ಫೋಕಸ್ ಪಾಯಿಂಟ್ ಮುಂದಿನ ಬಾಗಿಲ ಮೇಲೆ ಇರಲಿ. ಎದುರಿಗೆ ಬಂದಾಗ ನಾಲ್ಕೈದು ಫ್ರೇಮ್ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಕಾರಿನ ಮುಂದಿನ ಅರ್ಧ ಸ್ಪಷ್ಟ, ಹಿಂದಿನ ಅರ್ಧ ಅಲುಗಾಡಿದ ಹಾಗೆ ಬಂದರೆ ನೀವು ತುಂಬಾ ಹತ್ತಿರ, ತುಂಬಾ ಅಗಲದ ಲೆನ್ಸಿನಲ್ಲಿ ಅಥವಾ ಓರೆಯಾಗಿ ನಿಂತಿದ್ದೀರಿ ಎಂದರ್ಥ. ದೂರ ಸರಿದು ರಸ್ತೆಗೆ ನೇರ ಎದುರಾಗಿ ನಿಂತರೆ ಸರಿಹೋಗುತ್ತದೆ. ಎಲ್ಲವೂ ಮೇಲೆ ಕೆಳಗೆ ಅಲುಗಿದ್ದರೆ ಮೊಣಕೈ ಪಕ್ಕೆಗೆ ಒತ್ತಿಕೊಂಡಿರಲಿಲ್ಲ ಅಂತ.

ಮಧ್ಯಾಹ್ನದ ಬಿಸಿಲಲ್ಲಿ ಐಎಸ್‌ಒ 100, 1/60 ಅಂದರೆ ಅಪರ್ಚರ್ ಎಫ್/20ರ ಹತ್ತಿರ ಹೋಗುತ್ತದೆ. ಅಷ್ಟು ಮುಚ್ಚಿದರೆ ಚಿತ್ರ ಮೆತ್ತಗಾಗುತ್ತದೆ, ಸೆನ್ಸರಿನ ಮೇಲಿನ ಧೂಳೆಲ್ಲ ಚುಕ್ಕಿಯಾಗಿ ಕಾಣುತ್ತದೆ. ಸಿಪಿಎಲ್ ಹಾಕಿ. ಅದು ಒಂದೂವರೆ ಸ್ಟಾಪ್‌ನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಬೆಳಕು ನುಂಗುವುದರಿಂದ ಎಫ್/12ಕ್ಕೆ ಬರುತ್ತೀರಿ. ಬೇರೆ ಎನ್‌ಡಿ (ಬರೀ ಬೆಳಕು ಕಡಿಮೆ ಮಾಡುವ) ಫಿಲ್ಟರಿಗೆ ದುಡ್ಡು ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು: ಕರ್ನಾಟಕದ ಕೆ-1000 ತರಹದ ರ್‍ಯಾಲಿಯ ಮಣ್ಣು ರಸ್ತೆಯಲ್ಲಿ ತಿರುವಿನ ಹೊರಬದಿಗೆ ನಿಲ್ಲಲೇಬೇಡಿ. ಹಿಡಿತ ತಪ್ಪಿದ ಕಾರು ಹೋಗುವುದು ಆ ಕಡೆಗೇ. ಒಳಬದಿಯ ಎತ್ತರದ ಜಾಗ ನೋಡಿಕೊಳ್ಳಿ, ಮಾರ್ಷಲ್ ಹೇಳಿದ ಗೆರೆ ದಾಟಬೇಡಿ. 250 ಎಂಎಂ ಲೆನ್ಸ್ ಕ್ಯಾನನ್ ಎಪಿಎಸ್-ಸಿಯಲ್ಲಿ 400 ಎಂಎಂನಷ್ಟು ಹತ್ತಿರ ತರುತ್ತದೆ, ಅದಕ್ಕೇ ಅಲ್ಲವೇ ತಗೊಳ್ಳುವುದು.

ಕರಾವಳಿ_ಲೆನ್ಸ್

ಕ್ಯಾಮೆರಾ ಯಾವುದಾದರೂ ಆಗಲಿ ಮಾರಾಯ್ರೆ, ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹೇಗೆ ನೋಡುವುದು ಅಂತ ಯಾರೂ ಬರೆಯಲಿಲ್ಲ. 40 ಸಾವಿರ ನೀರಿಗೆ ಹೋಗುವುದು ಅಲ್ಲೇ. ಒಂದು ಚಾರ್ಜ್ ಆದ ಬ್ಯಾಟರಿ, ಒಂದು ಕಾರ್ಡ್, ಮೊಬೈಲ್ ಟಾರ್ಚ್ ಹಿಡಿದುಕೊಂಡು ಹೋಗಿ. ಅರ್ಧ ಗಂಟೆ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಮೊದಲು ಲೆನ್ಸ್. ಬಾಡಿಯಿಂದ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಕ್ಯಾನನ್ ಲೆನ್ಸ್ ಕಳಚಿದಾಗಲೂ ಅಪರ್ಚರ್ ತೆರೆದೇ ಇರುತ್ತದೆ. ನಿಕಾನ್‌ನದ್ದು ಕಳಚಿದರೆ ಮುಚ್ಚಿಕೊಳ್ಳುತ್ತದೆ, ಹಿಂದೆ ಇರುವ ಸಣ್ಣ ಕಡ್ಡಿಯನ್ನು ಉಗುರಿನಿಂದ ಸರಿಸಿ ತೆರೆದು ನೋಡಬೇಕು. ಒಂದೆರಡು ಧೂಳಿನ ಕಣ ಇದ್ದರೆ ಏನೂ ಆಗುವುದಿಲ್ಲ. ಜೇಡರ ಬಲೆಯ ಎಳೆಯ ಹಾಗೆ ಕವಲೊಡೆದ ಗೆರೆ ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನಲ್ಲಿ ಒಂದು ಮಳೆಗಾಲ ಚೀಲದೊಳಗೆ ಕಟ್ಟಿಟ್ಟ ಲೆನ್ಸಿನಲ್ಲಿ ಇದು ಸಾಮಾನ್ಯ. ಕ್ಲೀನ್ ಮಾಡಿಸಿದರೂ ಗಾಜಿನ ಲೇಪನವನ್ನು ಅದು ತಿಂದಿದ್ದರೆ ಕಲೆ ಹೋಗುವುದಿಲ್ಲ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಎಸ್‌ಟಿಎಂ ಲೆನ್ಸಿನ ಫೋಕಸ್ ರಿಂಗ್ ಕ್ಯಾಮೆರಾ ಆಫ್ ಇದ್ದಾಗ ತಿರುಗಿಸಿದರೆ ಏನೂ ಆಗುವುದಿಲ್ಲ. ಕೆಟ್ಟಿದೆ ಅಂತ ತಿಳಿಯಬೇಡಿ, ಅದು ಕರೆಂಟಿನಲ್ಲಿ ಕೆಲಸ ಮಾಡುವಂಥದ್ದು.

ಬಾಡಿಗೆ ಬಂದರೆ, ಅಪರ್ಚರ್ ಎಫ್/22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆ ಅಥವಾ ಆಕಾಶದ ಒಂದು ಫೋಟೋ ತೆಗೆಯಿರಿ. ಜೂಮ್ ಮಾಡಿ ನೋಡಿದಾಗ ಮಸುಕು ಚುಕ್ಕಿ ಕಂಡರೆ ಸೆನ್ಸರ್ ಧೂಳು, ಬ್ಲೋವರ್‌ನಲ್ಲಿ ಹೋಗುತ್ತದೆ. ಹರಿತವಾದ ಗೆರೆ ಕಂಡರೆ ಗೀರು, ಅದು ಹೋಗುವುದಿಲ್ಲ. ಆಮೇಲೆ 1/4000ದಲ್ಲಿ ಹತ್ತು ಹದಿನೈದು ಫ್ರೇಮ್ ಒಟ್ಟಿಗೆ ಹೊಡೆಯಿರಿ. ಯಾವುದರಲ್ಲಾದರೂ ಮೇಲೆ ಅಥವಾ ಕೆಳಗೆ ಕಪ್ಪು ಪಟ್ಟಿ ಬಂದರೆ ಶಟರ್ ಸಾಯುತ್ತಾ ಉಂಟು ಅಂತ ಲೆಕ್ಕ. ತಿರುಗುವ ಸ್ಕ್ರೀನನ್ನು ಲೈವ್ ವ್ಯೂ (ದೃಶ್ಯ ಸ್ಕ್ರೀನಿನಲ್ಲೇ ಕಾಣುವ ಸ್ಥಿತಿ) ಆನ್ ಇಟ್ಟುಕೊಂಡೇ ಎಲ್ಲಾ ಕೋನಕ್ಕೂ ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಮಿನುಗಿದರೆ ಅಥವಾ ಕಪ್ಪಾದರೆ ಒಳಗಿನ ಪಟ್ಟಿ ಕೇಬಲ್ ಸವೆದಿದೆ. ನಿಮಗೆ ಆ ಸ್ಕ್ರೀನೇ ಮುಖ್ಯ ಅಲ್ವಾ, ಇದನ್ನು ಬಿಡಲೇಬೇಡಿ.

ಶಟರ್ ಕೌಂಟ್ (ಈವರೆಗೆ ಶಟರ್ ಎಷ್ಟು ಸಲ ಹೊಡೆದಿದೆ ಅನ್ನುವ ಲೆಕ್ಕ): ನಿಕಾನ್‌ನಲ್ಲಿ ಒಂದು ಫೋಟೋ ತೆಗೆದು ಅದರ ಫೈಲಿನೊಳಗಿನ ಎಕ್ಸಿಫ್ ಮಾಹಿತಿ ನೋಡಿದರೆ ಸಂಖ್ಯೆ ಸಿಗುತ್ತದೆ. 200ಡಿ, 80ಡಿಗಳಲ್ಲಿ ಫೋಟೋ ಫೈಲಿನೊಳಗೆ ಅದು ಇರುವುದಿಲ್ಲ, ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪಿನ ಸಾಫ್ಟ್‌ವೇರಿನಲ್ಲೇ ನೋಡಬೇಕು. 80ಡಿ ಮತ್ತು ಡಿ5600ರ ಶಟರ್ ಒಂದು ಲಕ್ಷಕ್ಕೆ, ಡಿ7200ರದ್ದು ಒಂದೂವರೆ ಲಕ್ಷಕ್ಕೆ ಪರೀಕ್ಷೆ ಆದದ್ದು. ಆ ಸಂಖ್ಯೆ ದಾಟಿದ ಕೂಡಲೇ ನಿಲ್ಲುತ್ತದೆ ಅಂತೇನಿಲ್ಲ, ಆದರೆ ಬೆಲೆ ಇಳಿಸಿ ಕೇಳಲು ನ್ಯಾಯವಾದ ಕಾರಣ. ಮದುವೆ ಫೋಟೋಗ್ರಾಫರ್ ಬಳಸಿದ ಬಾಡಿ ಹೊರಗೆ ಎಷ್ಟು ಫಳಫಳ ಇದ್ದರೂ ಸಂಖ್ಯೆ ನೋಡಿಯೇ ಮಾತಾಡಿ.

ಕೊನೆಗೆ ಫೋಕಸ್. ಒಂದು ಕಾರಿನ ನಂಬರ್ ಪ್ಲೇಟಿಗೆ 2, 5, 10 ಮೀಟರಿನಿಂದ, ಒಮ್ಮೆ ವ್ಯೂಫೈಂಡರಿನಲ್ಲಿ, ಒಮ್ಮೆ ಲೈವ್ ವ್ಯೂನಲ್ಲಿ ತೆಗೆದು ಹೋಲಿಸಿ. ವ್ಯೂಫೈಂಡರಿನದ್ದು ಮಾತ್ರ ಮೆತ್ತಗೆ ಬಂದರೆ ಫೋಕಸ್ ತಪ್ಪುತ್ತಿದೆ. 80ಡಿ, ಡಿ7200ರಲ್ಲಿ ಅದನ್ನು ಮೆನುವಿನಲ್ಲೇ ತಿದ್ದಬಹುದು. 200ಡಿ, ಡಿ5600ರಲ್ಲಿ ಆ ಸೌಲಭ್ಯ ಇಲ್ಲ, ಸರ್ವಿಸ್‌ಗೇ ಹೋಗಬೇಕು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯಲ್ಲಿರುವುದಕ್ಕೆ ತಾಳೆ ಆಗಬೇಕು, ಇಲ್ಲದಿದ್ದರೆ ಕದ್ದ ಮಾಲು ಕೊಂಡ ಹಾಗೆ ಆದೀತು.

ಹುಬ್ಬಳ್ಳಿ_ಗೇರ್‌ಬಾಕ್ಸ್

ಭಾಳ ಉಪಕಾರ ಆತ್ರಿ. 1500ಡಿ ಬಿಟ್ಟೆ. ಯಾರ್ಡಿನ್ಯಾಗ ಟೇಪ್ ಹಿಡದ್ವಿ, ಕಾರು ನಿಲ್ಲಿಸಿದ ಮ್ಯಾಲೆ 7 ಮೀಟರ್ ಜಾಗ ಉಳಿತೇತಿ, ಹಂಗಾಗಿ 18-55ನ ಸಾಕು ಅನಸ್ತೈತಿ. ಇನ್ನ ಮೂರು ಕೇಳೂದೈತಿ. ಸಿಪಿಎಲ್ ಹೆಂಗ ತಿರುಗಿಸಬೇಕು? ಯಾರ್ಡಿನ್ಯಾಗ ಅರ್ಧಕ್ಕರ್ಧ ಬಿಳೀ ಕಾರು, ಬೂದಿ ಬಣ್ಣಕ್ಕ ಬರ್ತಾವು, ಏನು ಮಾಡೂದು? ಎ6000 ಬಗ್ಗೆ ಯಾರೂ ಹೇಳ್ಲಿಲ್ಲ, ಅದು ಹೆಂಗ?

ಮೂರನೇ_ಸ್ಟಾಪ್

ಸಿಪಿಎಲ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಕಾರಿನ ಫೋಟೋದಲ್ಲಿ ದುಡ್ಡಿಗೆ ತಕ್ಕ ಲಾಭ ಇದಕ್ಕಿಂತ ಹೆಚ್ಚು ಇನ್ಯಾವುದರಲ್ಲೂ ಇಲ್ಲ.

ಇದು ಗಾಜು ಮತ್ತು ಬಣ್ಣದ ಮೇಲಿನ ಲ್ಯಾಕರ್‌ನಿಂದ ಬರುವ ಹೊಳಪನ್ನು ತಡೆಯುತ್ತದೆ. ಕ್ರೋಮ್ ಗ್ರಿಲ್, ಬರಿ ಲೋಹದ ಹೊಳಪಿನ ಮೇಲೆ ಏನೂ ನಡೆಯುವುದಿಲ್ಲ. ಕೋನವೂ ಮುಖ್ಯ. ನಿಮ್ಮ ದೃಷ್ಟಿ ಆ ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಲ್ಲಿ ಬಿದ್ದಾಗ ಹೊಳಪು ಪೂರ್ತಿ ಸಾಯುತ್ತದೆ. ಬಾಗಿಲಿಗೆ ನೇರ ಎದುರಾಗಿ ನಿಂತರೆ ತಿರುಗಿಸಿದರೂ ತಿರುಗಿಸದಿದ್ದರೂ ಒಂದೇ. ಹಾಗೆಯೇ ಹೆಡ್‌ಲೈಟ್ ಎತ್ತರದಿಂದ ಬಾನೆಟ್ ತೀರಾ ಸಪಾಟಾಗಿ ಕಾಣುವುದರಿಂದ ಅಲ್ಲೂ ಪರಿಣಾಮ ಕಡಿಮೆ. ಬಾನೆಟ್ಟಿನ ಬಣ್ಣ ತೋರಿಸಬೇಕಾದ ಫೋಟೋಗೆ ಕ್ಯಾಮೆರಾವನ್ನು ಎದೆಮಟ್ಟಕ್ಕೆ ಎತ್ತಿ.

ಇನ್ನೊಂದು ತೊಡಕು ಎಲ್ಲರನ್ನೂ ಕಾಡುತ್ತದೆ. ಬಾನೆಟ್ ಮತ್ತು ಛಾವಣಿ ಮಲಗಿದ ಮೇಲ್ಮೈಗಳು, ಬಾಗಿಲು ನಿಂತ ಮೇಲ್ಮೈ. ಬಾನೆಟ್ಟಿನ ಹೊಳಪು ಸಾಯುವ ಸ್ಥಾನಕ್ಕೂ ಬಾಗಿಲಿನ ಹೊಳಪು ಸಾಯುವ ಸ್ಥಾನಕ್ಕೂ ಫಿಲ್ಟರ್ ಕಾಲು ಸುತ್ತು ತಿರುಗಬೇಕು. ಒಂದೇ ಫೋಟೋದಲ್ಲಿ ಎರಡೂ ಆಗುವುದಿಲ್ಲ. ಅದಕ್ಕೇ ಟ್ರೈಪಾಡ್: ಕ್ಯಾಮೆರಾ ಅಲುಗಿಸದೆ, ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲೇ ಇಟ್ಟು, ಬಾನೆಟ್ಟಿಗೆ ಒಂದು, ಮುಂದಿನ ಗಾಜಿಗೆ ಒಂದು, ಬಾಗಿಲಿಗೆ ಒಂದು ತೆಗೆದು, ಕಂಪ್ಯೂಟರಿನಲ್ಲಿ ಲೇಯರ್ ಇಟ್ಟು ಬೇಕಾದ ಭಾಗ ಮಾತ್ರ ಉಳಿಸಿಕೊಳ್ಳಿ. ದಿನವೂ ಬರುವ ಯಾರ್ಡ್ ಕಾರಿಗೆ ಅಷ್ಟು ಮಾಡುವುದು ಬೇಡ, ಕಣ್ಣಿಗೆ ಹೆಚ್ಚು ಬೀಳುವ ಮೇಲ್ಮೈಗೆ ಹೊಂದಿಸಿ ಮುಗಿಸಿ. ಪೂರ್ತಿ ಹೊಳಪು ಕೊಲ್ಲಲೂಬೇಡಿ. ಬಾಗಿಲ ಮೇಲೆ ಉದ್ದಕ್ಕೆ ಓಡುವ ಮಡಿಕೆಯ ಮೇಲಿನ ಬೆಳಕಿನ ಗೆರೆ ಹೋದರೆ ಕಾರು ಪ್ಲಾಸ್ಟಿಕ್ ಆಟಿಕೆಯಂತೆ ಚಪ್ಪಟೆ ಕಾಣುತ್ತದೆ.

ಹಿಂದಿನ ಮತ್ತು ಪಕ್ಕದ ಗಾಜಿನಲ್ಲಿ ಸಾಲುಸಾಲಾಗಿ ಮಬ್ಬು ಚುಕ್ಕಿ ಕಂಡರೆ ಗಾಬರಿ ಬೇಡ. ಅವು ಟೆಂಪರ್ಡ್ ಗಾಜು, ತಯಾರಿಕೆಯಲ್ಲಿ ಆದ ಬಿಗಿತ ಪೋಲರೈಸರಿನಲ್ಲಿ ಕಾಣುತ್ತದೆ. ಫಿಲ್ಟರ್ ಸ್ವಲ್ಪ ತಿರುಗಿಸಿದರೆ ಕಡಿಮೆಯಾಗುತ್ತದೆ.

ಕೊಳ್ಳುವಾಗ ಸಿಪಿಎಲ್ ಎಂದೇ ಬರೆದಿರಬೇಕು. ಬರೀ ಲೀನಿಯರ್ ಪೋಲರೈಸರ್ ಹಾಕಿದರೆ ಡಿಎಸ್‌ಎಲ್‌ಆರ್‌ನ ಕನ್ನಡಿಯ ಹಿಂದಿನ ಫೋಕಸ್ ಮತ್ತು ಮೀಟರಿಂಗ್ ದಾರಿ ತಪ್ಪುತ್ತವೆ. ಯುವಿ ಫಿಲ್ಟರ್ ಇದ್ದರೆ ತೆಗೆದು ಹಾಕಿ, ಎರಡು ಒಂದರ ಮೇಲೊಂದು ಕೂತರೆ 18 ಎಂಎಂನಲ್ಲಿ ಮೂಲೆಗಳು ಕಪ್ಪಾಗುತ್ತವೆ. ಮುಂದೆಂದಾದರೂ 50 ಎಂಎಂ ಎಸ್‌ಟಿಎಂ ತಗೊಂಡರೆ ಅದರ ಬಾಯಿ 49 ಎಂಎಂ. 49ರಿಂದ 58ಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿ ಇದೇ ಸಿಪಿಎಲ್ ಬಳಸಿ.

ಎ6000: ಕ್ಯಾಮೆರಾ ಒಳ್ಳೆಯದೇ. 179 ಫೋಕಸ್ ಪಾಯಿಂಟ್, ಸೆಕೆಂಡಿಗೆ 11 ಫ್ರೇಮ್, ಸ್ಕ್ರೀನ್ ಮೇಲೆ ಕೆಳಗೆ ಮಡಿಸಬಹುದು. ಟಚ್ ಇಲ್ಲ, ಬ್ಯಾಟರಿ ಬೇಗ ಮುಗಿಯುತ್ತದೆ. ಕಿಟ್ ಲೆನ್ಸ್ 40.5 ಎಂಎಂ, 55-210 ಲೆನ್ಸ್ 49 ಎಂಎಂ, ಹಾಗಾಗಿ ಫಿಲ್ಟರಿಗೂ ರಿಂಗ್ ಬೇಕು. 40 ಸಾವಿರದೊಳಗೆ ಬಾಡಿ, ಎರಡು ಲೆನ್ಸ್, ಫಿಲ್ಟರ್, ಟ್ರೈಪಾಡ್ ಎಲ್ಲ ಹೊಂದಿಸಲು ಹಳೆಯ ಕ್ಯಾನನ್ ಲೆನ್ಸುಗಳಷ್ಟು ಸಲೀಸಾಗಿ ಸೋನಿಯದ್ದು ಒದಗುವುದಿಲ್ಲ. ವಾಹನವನ್ನೇ ಗುರುತು ಹಿಡಿದು ಬೆನ್ನಟ್ಟುವ ಫೋಕಸ್ ಬೇಕೆಂದರೆ ಕ್ಯಾನನ್ ಆರ್50, ಆರ್10, ನಿಕಾನ್ ಝಡ್50 II ಇವೆ, ಅವು ಹೊಸದರಲ್ಲಿ ನಿಮ್ಮ ಬಜೆಟ್ಟಿಗೆ ಎಟುಕುವುದಿಲ್ಲ. ಆರ್100 ತೋರಿಸಿದರೆ ಬೇಡ ಅನ್ನಿ, ಸ್ಕ್ರೀನ್ ತಿರುಗುವುದೂ ಇಲ್ಲ, ಟಚ್ ಕೂಡ ಇಲ್ಲ.

ಪ್ಯಾನಿಂಗ್_ಮೈಸೂರು

ಬಿಳಿ ಕಾರು ಬೂದಿ ಆಗುವುದು ಮೀಟರಿನ ಸ್ವಭಾವ. ಎದುರಿಗೆ ಏನಿದ್ದರೂ ಅದನ್ನು ನಡು ಬೂದು ಎಂದೇ ಭಾವಿಸಿ ಬೆಳಕು ಅಳೆಯುತ್ತದೆ. ಬಿಳಿ ಕಾರು ಫ್ರೇಮ್ ತುಂಬಿದಾಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಅಳೆದದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವುದು) +0.7ರಿಂದ +1, ಕಪ್ಪು ಕಾರಿಗೆ -0.7ರಿಂದ -1. ಕೆಂಪು ಕಾರಿಗೆ ಮಾತ್ರ ಸಾದಾ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಂಬಬೇಡಿ. ಆರ್‌ಜಿಬಿ ಹಿಸ್ಟೋಗ್ರಾಂ ತೆರೆದು ಕೆಂಪು ಗೆರೆ ಬಲಗಡೆ ಗೋಡೆಗೆ ಬಡಿದಿದೆಯೇ ನೋಡಿ. ಬಡಿದಿದ್ದರೆ ಬಾಗಿಲಿನ ಮಡಿಕೆಗಳೆಲ್ಲ ಮಾಯವಾಗಿ ಬರೀ ಕೆಂಪು ಗುಡ್ಡೆ ಉಳಿಯುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಿಕೆ) ಆಟೋದಲ್ಲಿ ಬಿಡಬೇಡಿ, ಒಂದೇ ಕಾರಿನ ಹತ್ತು ಫೋಟೋ ಹತ್ತು ಬಣ್ಣಕ್ಕೆ ಬರುತ್ತವೆ. ಡೇಲೈಟ್‌ಗೆ ಕಟ್ಟಿಹಾಕಿ, ಸೆನ್ಸರಿನ ಮಾಹಿತಿ ಪೂರ್ತಿ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ.

ಯಾರ್ಡಿನಲ್ಲಿ ಬೆಳಿಗ್ಗೆ ಬಿಸಿಲು ಏರುವ ಮೊದಲು, ಇಲ್ಲವೇ ಸೂರ್ಯ ಮುಳುಗಿದ ಮೇಲಿನ ಹದಿನೈದು ಇಪ್ಪತ್ತು ನಿಮಿಷ ಹಿಡಿಯಿರಿ. ಆಗ ಇಡೀ ಆಕಾಶವೇ ಒಂದು ದೊಡ್ಡ ದೀಪ. ಮಧ್ಯಾಹ್ನವೇ ತೆಗೆಯಬೇಕಾದರೆ ಕಟ್ಟಡದ ನೆರಳಿಗೆ ಕಾರು ತನ್ನಿ, ಅರ್ಧ ಬಿಸಿಲು ಅರ್ಧ ನೆರಳು ಬೀಳದಂತೆ ಪೂರ್ತಿ ಒಳಗೆ. ಕಾರು ನಿಲ್ಲಿಸಿದ ಮೇಲೆ ಕಾರನ್ನು ನೋಡಬೇಡಿ, ಅದರ ಮೈಯಲ್ಲಿ ಏನು ಕಾಣುತ್ತಿದೆ ಅದನ್ನು ನೋಡಿ. ಬಾಗಿಲಿನಲ್ಲಿ ಪಕ್ಕದ ಕಾರಿನ ಚಕ್ರ, ವಿದ್ಯುತ್ ಕಂಬ, ನಿಮ್ಮ ಬಿಳಿ ಅಂಗಿ ಕಾಣುತ್ತಿದ್ದರೆ ಕಾರನ್ನು ಸ್ವಲ್ಪ ತಿರುಗಿಸಿ ನಿಲ್ಲಿಸಿ, ಎದುರಿಗೆ ಬೋಳು ಗೋಡೆಯೋ ಖಾಲಿ ಮೈದಾನವೋ ಬರಲಿ. ಅಂಗಿ ಕಡು ಬಣ್ಣದ್ದಿರಲಿ. ಮುಂದಿನ ಚಕ್ರವನ್ನು ಅಲಾಯ್‌ನ ಮುಖ ಕ್ಯಾಮೆರಾ ಕಡೆಗೆ ಬರುವಂತೆ ತಿರುಗಿಸಿ. ಟಯರಿನ ನೆಲಕ್ಕೆ ತಾಗುವ ಮುಖ ಕ್ಯಾಮೆರಾಗೆ ಕಂಡರೆ ಸ್ಟೀರಿಂಗ್ ಉಲ್ಟಾ ತಿರುಗಿಸಿದ್ದೀರಿ.

ಒಳಗಿನ ಫೋಟೋಗೆ ಹಿಂದಿನ ಸೀಟಿನ ನಡುವಿನಿಂದ 18 ಎಂಎಂ, ಎಫ್/8, ಐಎಸ್‌ಒ 400. ಎಲ್ಲಾ ಬಾಗಿಲು ಮುಚ್ಚಿ ತೆಗೆದರೆ ಡ್ಯಾಶ್‌ಬೋರ್ಡ್ ಕಪ್ಪು, ಗಾಜಿನ ಹೊರಗೆ ಬೆಳ್ಳಗೆ ಆಗುತ್ತದೆ. ಮುಂದಿನ ಎರಡೂ ಬಾಗಿಲು ತೆರೆದಿಡಿ. ಮೀಟರ್ ಕನ್ಸೋಲ್ ತೆಗೆಯುವಾಗ ಇಗ್ನಿಷನ್ ಆನ್ ಮಾಡಿ ಶಟರ್ 1/60 ಅಥವಾ ಅದಕ್ಕಿಂತ ನಿಧಾನ ಇಡಿ. ಜೋರಾಗಿಟ್ಟರೆ ಡಿಜಿಟಲ್ ಪರದೆಯಲ್ಲಿ ಪಟ್ಟಿ ಬೀಳುತ್ತದೆ, ಕಿಲೋಮೀಟರ್ ಅಂಕಿ ಅರ್ಧ ಮಾಯವಾಗುತ್ತದೆ, ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಎಲ್‌ಇಡಿ ಡಿಆರ್‌ಎಲ್ (ಹಗಲಲ್ಲೂ ಉರಿಯುವ ಮುಂದಿನ ದೀಪ) ಉರಿಯುತ್ತಿರುವ ಹೊರಗಿನ ಫೋಟೋಗೂ ಇದೇ ಮಾತು: ಶಟರ್ ಜೋರಿದ್ದರೆ ಒಂದು ಫ್ರೇಮಿನಲ್ಲಿ ದೀಪ ಉರಿದಿರುತ್ತದೆ, ಮುಂದಿನದರಲ್ಲಿ ಆರಿರುತ್ತದೆ. ಟ್ರೈಪಾಡ್ ಮೇಲೆ 1/60ರಲ್ಲಿ, ಎರಡು ಸೆಕೆಂಡ್ ಟೈಮರ್ ಇಟ್ಟು, ಲೆನ್ಸಿನ ಸ್ಟೆಬಿಲೈಜರ್ ಆಫ್ ಮಾಡಿ ತೆಗೆಯಿರಿ.

ಕರಾವಳಿ_ಲೆನ್ಸ್

ಒಂದು ಸೇರಿಸ್ತೇನೆ. ರ್‍ಯಾಲಿ ಮಣ್ಣಿನಲ್ಲಿ ಲೆನ್ಸ್ ಬದಲಾಯಿಸಬೇಡಿ. ಹೋಗುವ ಮೊದಲೇ 55-250 ಹಾಕಿಕೊಂಡು ಹೋಗಿ, ವಾಪಸ್ ಬಂದ ಮೇಲೆ ತೆಗೆಯಿರಿ. ಗಾಜಿನ ಮೇಲೆ ಕೂತ ಧೂಳನ್ನು ಬಟ್ಟೆಯಿಂದ ಒರೆಸುವ ಮೊದಲು ಬ್ಲೋವರ್‌ನಲ್ಲಿ ಊದಿ, ಇಲ್ಲದಿದ್ದರೆ ಆ ಮರಳೇ ಫಿಲ್ಟರಿಗೆ ಗೀರು ಹಾಕುತ್ತದೆ. ಬಾಯಿಯಿಂದ ಊದುವುದು ಬೇಡ, ಉಗುಳು ಬೀಳುತ್ತದೆ. ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರ ಚೀಲದಲ್ಲಿ ಇಡದೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ. ನೀಲಿಯದ್ದು ಗುಲಾಬಿಗೆ ಅಥವಾ ಕಿತ್ತಳೆಯದ್ದು ಹಸಿರಿಗೆ ತಿರುಗಿದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ.